ಆರು ಡೇರೆ ಹೂವಿಗೆ ಮೂರು ವಾರ

ಉಕ್ರೇನಿನ ಹಳ್ಳಿಯ ಹಿತ್ತಲಲ್ಲಿ ಪಿಯೋನಿ ಅರಳುವುದು ವಸಂತ ಮುಗಿದು ಬೇಸಿಗೆ ಕಾಲಿಡುವ ಹೊತ್ತಿಗೆ. ಡೇರೆ ಹೂ ಬರಬೇಕಾದರೆ ಆ ಬೇಸಿಗೆ ಬಲಿಯಬೇಕು. ಅದರ ಸಿರಿಯೆಲ್ಲ ಕಾಣುವುದು ಮರಗಳು ಎಲೆ ಉದುರಿಸಲು ಹೊರಟಾಗ. ಪಿಯೋನಿಯ ಕೊನೆಯ ಎಸಳು ಮಣ್ಣು ಸೇರಿ ಎಷ್ಟೋ ವಾರ ಕಳೆದ ಮೇಲೆ ಡೇರೆ ಗಿಡ ತುಂಬಿ ನಿಲ್ಲುತ್ತದೆ. ಆದರೆ ಕತೆರಿನಾ ಬಿಲೊಕುರ್ ಎಂಬ ರೈತರ ಮಗಳ ಕ್ಯಾನ್ವಾಸುಗಳನ್ನು ನೋಡಿ: ವಸಂತದ ಹೂವೂ ಶರತ್ಕಾಲದ ಹೂವೂ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ! ಎಲ್ಲವೂ ಇದೀಗ ಅರಳಿದಂತಿವೆ! ಎಸಳಿನ ಅಂಚಿನ ಸುಕ್ಕು, ಎಲೆಯ ನರ, ಮೊಗ್ಗಿನ ಬುಡದ ಹಸಿರು, ಒಂದೂ ತಪ್ಪಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದು ಹೂವೂ ಅಪ್ಪಟ ನಿಜ. ಒಟ್ಟಾಗಿ ನೋಡಿದರೆ ಅಂಥ ತೋಟ ಎಲ್ಲೂ ಇರಲಾರದು.

ಇದನ್ನು ಆಕೆ ಹೇಗೆ ಸಾಧಿಸಿದಳು? ನೆನಪಿನಿಂದ ಬರೆದಳೇ? ಕಲ್ಪಿಸಿಕೊಂಡಳೇ? ಎರಡೂ ಅಲ್ಲ. ಆಕೆ ಕಾದಳು. ಅಷ್ಟೇ! ಚಿತ್ರಕ್ಕೆಂದು ಆಕೆ ಹೂ ಕೊಯ್ಯುತ್ತಿರಲಿಲ್ಲ. ಗಿಡದಲ್ಲಿದ್ದ ಹೂವಿನ ಮುಂದೆ ಕೂತು, ಗಿಡದಲ್ಲಿದ್ದ ಹಾಗೆಯೇ ಬರೆಯುತ್ತಿದ್ದಳು. ವಸಂತದಲ್ಲಿ ಶುರುವಾದ ಚಿತ್ರದಲ್ಲಿ ಬೇಸಿಗೆಯ ಹೂಗಳಿಗೆಂದು ಜಾಗ ಖಾಲಿ ಇರುತ್ತಿತ್ತು. ಬೇಸಿಗೆ ಬಂದಾಗ ಅವು ಸೇರುತ್ತಿದ್ದವು, ಆಮೇಲೆ ಶರತ್ಕಾಲದವು. ಒಂದು ಚಿತ್ರದೊಳಗೆ ಒಂದು ವರ್ಷದ ಋತುಚಕ್ರವೇ ಸುತ್ತಿ ಮುಗಿಯುತ್ತಿತ್ತು. ‘ಸಾಮೂಹಿಕ ಕೃಷಿಯ ಹೊಲ’ ಎಂಬ ಚಿತ್ರದಲ್ಲಿ ಆರು ಡೇರೆ ಹೂಗಳಿವೆ. ಆ ಆರಕ್ಕೇ ಆಕೆಗೆ ಮೂರು ವಾರ ಹಿಡಿಯಿತು.

ನಮ್ಮಲ್ಲಿ ಈ ಹೆಸರು ಕೇಳಿದವರು ತೀರಾ ಕಡಿಮೆ. ಉಕ್ರೇನಿನಲ್ಲಿ ಮಾತ್ರ ಕತೆರಿನಾ ಬಿಲೊಕುರ್ ಎಂದರೆ ಮನೆಮಾತು. ಹುಟ್ಟಿದ್ದು 1900ರ ಡಿಸೆಂಬರ್ 7ರಂದು, ಕೀವ್ ನಗರದಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದ ಬೊಹ್ದಾನಿವ್ಕಾ ಎಂಬ ಹಳ್ಳಿಯಲ್ಲಿ. ಅಂದು ಅದು ಪೊಲ್ತಾವಾ ಪ್ರಾಂತ್ಯಕ್ಕೆ ಸೇರಿತ್ತು. ಅರವತ್ತು ವರ್ಷದ ಆಯುಸ್ಸನ್ನು ಆಕೆ ಕಳೆದದ್ದೂ ಅಲ್ಲೇ, ಮಣ್ಣಾದದ್ದೂ ಅಲ್ಲೇ. ಆರೇಳು ವರ್ಷಕ್ಕೇ ಹುಡುಗಿ ಓದು ಕಲಿತಳು. ಓದಲು ಬಂತಲ್ಲ, ಇನ್ನು ಶಾಲೆ ಯಾಕೆ? ಮನೆಯವರ ಲೆಕ್ಕ ಸರಳವಾಗಿತ್ತು: ಬಟ್ಟೆ, ಕಾಲಿನ ಜೋಡಿನ ಖರ್ಚು ಉಳಿಯಲಿ. ಶಾಲೆಯ ಮೆಟ್ಟಿಲು ಆಕೆಗೆ ದಕ್ಕಲಿಲ್ಲ.

ಆದರೆ ಕೈ ಸುಮ್ಮನಿರಲಿಲ್ಲ. ಬಿಳಿಯ ನಾರುಬಟ್ಟೆಯ ತುಂಡೊಂದನ್ನು ಮನೆಯವರ ಕಣ್ಣು ತಪ್ಪಿಸಿ ಎತ್ತಿಕೊಂಡು, ಇದ್ದಿಲಿನಿಂದ ಅದರ ಮೇಲೆ ಎಲ್ಲೂ ಇಲ್ಲದ ಹಕ್ಕಿಗಳನ್ನು ಬರೆದಳು. ಅಪ್ಪನ ಕೈಗೆ ಸಿಕ್ಕಿತು. ಹಕ್ಕಿಗಳು ಒಲೆಗೆ ಹೋದವು. ಹೊಲದ ಕೆಲಸ, ಮನೆಯ ಕೆಲಸ, ಹೊತ್ತಿಗೆ ಸರಿಯಾಗಿ ಮದುವೆ: ಹೆಣ್ಣುಮಕ್ಕಳಿಗೆ ಹಳ್ಳಿ ಗೊತ್ತುಮಾಡಿದ್ದ ಹಾದಿ ಅದು. ಚಿತ್ರ ಬರೆಯುತ್ತೇನೆ ಎಂದರೆ ಅಪ್ಪ ಅಮ್ಮನಿಗೆ ಅವಮಾನ. ಆಕೆ ಬಿಡಲಿಲ್ಲ. ಮದುವೆಯನ್ನೂ ಆಗಲಿಲ್ಲ.

ಕಲೆ ಕಲಿಯಬೇಕೆಂದು ಇಪ್ಪತ್ತರ ಹರೆಯದಲ್ಲಿ ಮಿರ್ಹೊರೊದ್ ಊರಿಗೆ ಹೋದಳು. ಅಲ್ಲಿ ಪಿಂಗಾಣಿ ಕಲೆಯ ಹೆಸರಾಂತ ಶಾಲೆ ಇತ್ತು. ಏಳು ವರ್ಷ ಶಾಲೆ ಓದಿದ ಪ್ರಮಾಣಪತ್ರ ಎಲ್ಲಿ ಎಂದು ಕೇಳಿದರು. ಇರಲಿಲ್ಲ. ಒಳಗೆ ಬಿಡಲಿಲ್ಲ. 1928ರಲ್ಲಿ ಕೀವ್‌ನ ರಂಗಭೂಮಿ ಶಾಲೆಯ ಬಾಗಿಲು ತಟ್ಟಿದಳು. ಅಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಕೈಯಲ್ಲಿ ಏನಿದೆ ಎಂದು ಯಾರೂ ನೋಡಲಿಲ್ಲ, ಕಾಗದ ಎಲ್ಲಿದೆ ಎಂದಷ್ಟೇ ನೋಡಿದರು.

1934ರ ಶರತ್ಕಾಲ. ಮನೆಯಲ್ಲಿ ಬೈಗುಳ, ಊರಲ್ಲಿ ಕೊಂಕು, ಎದುರಿಗೆ ದಾರಿ ಇಲ್ಲ. ಜೀವವೇ ಬೇಡವೆಂದು ಆಕೆ ಚುಮ್ಹಾಕ್ ನದಿಗೆ ಇಳಿದಳು. ಹೇಗೋ ಬದುಕಿ ಉಳಿದಳು. ಕೊರೆಯುವ ನೀರಿನಲ್ಲಿ ಮರಗಟ್ಟಿದ ಕಾಲುಗಳ ನೋವು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಆವತ್ತು ಅಪ್ಪ ಸೋತ. ಬರೆದುಕೋ ಎಂದ. ಆಗ ಆಕೆಗೆ ಮೂವತ್ತಮೂರು, ಮೂವತ್ತನಾಲ್ಕು ವಯಸ್ಸು. ಅಲ್ಲಿಂದ ಮುಂದಿನದು ಉಕ್ರೇನಿನ ಕಲಾಚರಿತ್ರೆಯ ಅಚ್ಚರಿ. ಮರುವರ್ಷ, 1935ರಲ್ಲೇ ‘ಬೇಲಿಯಾಚೆಯ ಹೂಗಳು’ ಬಂತು!

ಗುರು ಇಲ್ಲ, ಪುಸ್ತಕ ಇಲ್ಲ, ಬಣ್ಣದ ಅಂಗಡಿ ಇಲ್ಲ. ಹಾಗಾದರೆ ಬರೆದದ್ದು ಯಾವುದರಿಂದ? ಮೊದಮೊದಲು ಇದ್ದಿಲು, ಬೀಟ್‌ರೂಟಿನ ರಸ, ಹಿತ್ತಲ ಕಾಯಿಹಣ್ಣುಗಳ ರಸ. ಎಣ್ಣೆಬಣ್ಣ ಆಮೇಲೆ ಬಂತು. ಆ ಬಣ್ಣ ಹೀರಿಕೊಳ್ಳದಂತೆ ಬಟ್ಟೆಗೆ ಮೊದಲ ಲೇಪ ಕೊಡುವ ಕೆಲಸವನ್ನು ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತಳು. ಇನ್ನು ಕುಂಚ! ಬೆಕ್ಕಿನ ಬಾಲದಿಂದ ಒಂದೇ ಉದ್ದದ ಕೂದಲನ್ನು ಆರಿಸಿ ತೆಗೆದು, ಕಟ್ಟಿ, ತನ್ನ ಕುಂಚವನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಒಂದೊಂದು ಬಣ್ಣಕ್ಕೆ ಒಂದೊಂದು ಕುಂಚ. ಆ ಕೆಲವೇ ಎಳೆಗಳ ತುದಿ ಎಷ್ಟು ಸೂಕ್ಷ್ಮವಾಗಿ ಓಡಬಲ್ಲದು ಎಂಬುದಕ್ಕೆ ಆಕೆ ಬರೆದ ಯಾವ ಎಸಳನ್ನು ಬೇಕಾದರೂ ನೋಡಿ. ಪಿರ್ಯಾತಿನ್ ಕಡೆಯ ಕಾಡಿನಲ್ಲಿ ಯಾವುದೋ ಹೂ ಬಿಟ್ಟಿದೆ ಎಂದರೆ ಮೂವತ್ತು ಕಿಲೋಮೀಟರ್ ನಡೆದುಹೋಗಿ ನೋಡಿ ಬರುತ್ತಿದ್ದಳೆಂದು ಹೇಳುತ್ತಾರೆ. ನೆನಪಿಡಿ, ಅದು ಆ ನೊಂದ ಕಾಲುಗಳ ನಡಿಗೆ.

ಆಕೆಯ ಬರೆಯುವ ರೀತಿ ಇನ್ನೂ ಬೆರಗು. ಮೊದಲು ಇಡೀ ಚಿತ್ರದ ಗೆರೆ ಹಾಕಿಕೊಂಡು ಆಮೇಲೆ ತುಂಬಿಸುವುದು ಕಲಾಶಾಲೆಗಳಲ್ಲಿ ಹೇಳಿಕೊಡುವ ಕ್ರಮ. ಬಿಲೊಕುರ್‌ಗೆ ಆ ಕ್ರಮ ಯಾರೂ ಹೇಳಿಕೊಟ್ಟಿರಲಿಲ್ಲ. ನೇರವಾಗಿ ಬಣ್ಣ ಹಚ್ಚಿ ಒಂದು ಹೂವನ್ನು ಪೂರ್ತಿ ಮುಗಿಸಿ ಪಕ್ಕದ್ದಕ್ಕೆ ಹೋಗುತ್ತಿದ್ದಳು. ಹಾಗಾಗಿಯೇ ಅಲ್ಲಿ ಮುಂದಿನ ಹೂ, ಹಿಂದಿನ ಹೂ ಎಂಬ ಭೇದವಿಲ್ಲ. ಮೂಲೆಯಲ್ಲಿ ಅಡಗಿದ ಪುಟ್ಟ ಕಾಡುಹೂವಿಗೂ ನಡುವಿನ ದೊಡ್ಡ ಗುಲಾಬಿಗೂ ಅದೇ ಶ್ರದ್ಧೆ, ಅದೇ ಹೊತ್ತು. ಅನೇಕ ಚಿತ್ರಗಳಲ್ಲಿ ಹಿನ್ನೆಲೆ ಗಾಢ ನೀಲಿ ಅಥವಾ ಕಪ್ಪಿಗೆ ಹತ್ತಿರದ ಕಂದು. ಆ ಕತ್ತಲೆಯಿಂದ ಹೂಗಳು ತಮ್ಮದೇ ಬೆಳಕು ಹೊತ್ತುಕೊಂಡು ಮುಂದೆ ಬರುತ್ತವೆ. ಎಷ್ಟೋ ಹೂಗಳು ಮುಖವನ್ನು ನೇರ ನಮ್ಮ ಕಡೆಗೇ ತಿರುಗಿಸಿವೆ. ಇವು ಹೂದಾನಿಯ ಚಿತ್ರಗಳಲ್ಲ, ನೂರಾರು ಭಾವಚಿತ್ರಗಳು!

ಇಷ್ಟೆಲ್ಲ ಆ ಹಳ್ಳಿಯ ಗೋಡೆಗಳ ನಡುವೆಯೇ ಉಳಿದು ಮಾಸಿಹೋಗಬಹುದಿತ್ತು. ಉಳಿಸಿದ್ದು ಒಂದು ಹಾಡು. 1940ರ ವಸಂತದಲ್ಲಿ ರೇಡಿಯೋದಲ್ಲಿ ಒಕ್ಸಾನಾ ಪೆತ್ರುಸೆಂಕೊ ಹಾಡುತ್ತಿದ್ದರು. ಕೀವ್ ಒಪೆರಾದ ಆ ಪ್ರಖ್ಯಾತ ಗಾಯಕಿ ಅಂದು ಹಾಡಿದ್ದು ಜಾನಪದ ಗೀತೆ. ಕಲೀನಾ ಎಂಬ ಕೆಂಪು ಹಣ್ಣಿನ ಗಿಡದ ಹೆಸರಿನಲ್ಲಿ ಹೆಣ್ಣೊಬ್ಬಳು ತನ್ನ ದುಃಖ ತೋಡಿಕೊಳ್ಳುವ ಹಾಡು. ಕೇಳಿದ ಬಿಲೊಕುರ್ ತಡೆಯಲಾರದೆ ಗಾಯಕಿಗೆ ಪತ್ರ ಬರೆದಳು. ಜೊತೆಗೆ ಬಟ್ಟೆಯ ತುಂಡಿನ ಮೇಲೆ ಕಲೀನಾ ಗೊಂಚಲಿನ ಚಿತ್ರ ಬರೆದು ಕಳಿಸಿದಳು. ಆ ಗೊಂಚಲನ್ನು ನೋಡಿ ಬೆರಗಾದ ಪೆತ್ರುಸೆಂಕೊ ಸುಮ್ಮನೆ ಕೂರಲಿಲ್ಲ. ಕವಿ ಪಾವ್ಲೊ ತಿಚಿನಾ, ಕಲಾವಿದ ವಸೀಲ್ ಕಸಿಯಾನ್ ಅವರಂಥವರ ಗಮನಕ್ಕೆ ವಿಷಯ ಹೋಯಿತು. ಪೊಲ್ತಾವಾದ ಜಾನಪದ ಕಲಾಭವನದಿಂದ ವೊಲೊದಿಮಿರ್ ಹಿತ್ಕೊ ಹಳ್ಳಿ ಹುಡುಕಿಕೊಂಡು ಬಂದರು. ಬಂದು ನೋಡಿದರೆ ಮನೆಯೊಳಗೊಂದು ನಂದನವನ! ಅದೇ 1940ರಲ್ಲಿ ಪೊಲ್ತಾವಾದಲ್ಲಿ ಆಕೆಯ ಮೊದಲ ಪ್ರದರ್ಶನ ನಡೆಯಿತು. ಚಿತ್ರಗಳು ಬರೀ 11. ಜನ ಮರುಳಾದರು. ಬಾಗಿಲು ತೆರೆದುಕೊಟ್ಟ ಪೆತ್ರುಸೆಂಕೊ ಆ ವರ್ಷದ ಜುಲೈನಲ್ಲೇ ತೀರಿಕೊಂಡರು.

ಪ್ರದರ್ಶನದ ಬಹುಮಾನವಾಗಿ ಮಾಸ್ಕೋ ಪ್ರವಾಸ ಸಿಕ್ಕಿತು. ಟ್ರೆತ್ಯಾಕೊವ್ ಗ್ಯಾಲರಿ, ಪುಷ್ಕಿನ್ ವಸ್ತುಸಂಗ್ರಹಾಲಯ. ನಲವತ್ತರ ಹತ್ತಿರ ಬಂದಿದ್ದ ಹಳ್ಳಿಯ ಹೆಣ್ಣು ದೊಡ್ಡವರ ಮೂಲಚಿತ್ರಗಳ ಮುಂದೆ ನಿಂತಳು. ವಾಸ್ತವವಾದಿ ರಷ್ಯನ್ ಕಲಾವಿದರು, ಫ್ರೆಂಚರು ಮನಸ್ಸು ಸೆಳೆದರು. ಅವರ ಜೊತೆಗೆ 17ನೇ ಶತಮಾನದ ಡಚ್ ಚಿತ್ರಕಾರರೂ. ಇಲ್ಲಿದೆ ನನ್ನನ್ನು ರೋಮಾಂಚನಗೊಳಿಸುವ ಸಂಗತಿ! ಡಚ್ಚರ ಪುಷ್ಪಚಿತ್ರಗಳಲ್ಲೂ ಬೇರೆಬೇರೆ ಋತುವಿನ ಹೂಗಳು ಒಂದೇ ಹೂದಾನಿಯಲ್ಲಿ ಕೂಡುತ್ತವೆ. ಆ ಪರಂಪರೆಯ ಮಹಾರಥಿ ಯಾನ್ ವಾನ್ ಹೊಯ್ಸುಮ್ 1742ರಲ್ಲಿ ತನ್ನ ಗಿರಾಕಿಗೆ ಪತ್ರ ಬರೆದು, ಹಳದಿ ಗುಲಾಬಿ ಸಿಗದ ಕಾರಣ ಚಿತ್ರ ಮುಗಿದಿಲ್ಲ ಎಂದು ತಿಳಿಸಿದ್ದ. ಆತನ ಹಿಂದೆ ಆಮ್‌ಸ್ಟರ್‌ಡ್ಯಾಮ್ ಇತ್ತು, ಹೂವಿನ ಚಿತ್ರಗಳ ದೊಡ್ಡ ಮಾರುಕಟ್ಟೆ ಇತ್ತು, ತಲೆಮಾರುಗಳ ವಿದ್ಯೆ ಇತ್ತು. ಬಿಲೊಕುರ್ ‘ಬೇಲಿಯಾಚೆಯ ಹೂಗಳು’ ಬರೆದು ಐದು ವರ್ಷದ ಮೇಲೆ ಡಚ್ಚರನ್ನು ಕಂಡಳು. ಎರಡು ಶತಮಾನಗಳ ಅಂತರದಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪದೆ, ಒಂದೇ ಸತ್ಯವನ್ನು ಇಬ್ಬರೂ ಮುಟ್ಟಿದ್ದರು: ಹೂವನ್ನು ನಿಜವಾಗಿ ಬರೆಯಬೇಕಾದರೆ ಹೂ ಬರುವ ತನಕ ಕಾಯಬೇಕು.

ಆಕೆಯ ಕುಂಚ ಹೂವಿಗೇ ನಿಲ್ಲಲಿಲ್ಲ. ‘ಬೆಳಗಿನ ತಿಂಡಿ’ (1950), ‘ಕಲ್ಲಂಗಡಿ, ಕ್ಯಾರೆಟ್, ಹೂಗಳು’ (1951), ‘ಬೊಹ್ದಾನಿವ್ಕಾದ ಸೇಬುಗಳು’: ಈ ಸ್ಟಿಲ್ ಲೈಫ್ ಚಿತ್ರಗಳಲ್ಲಿ ಅಡುಗೆಮನೆಗೂ ತರಕಾರಿ ಮಡಿಗೂ ಹೂವಿಗೆ ಸಿಕ್ಕ ಮರ್ಯಾದೆಯೇ ಸಿಕ್ಕಿದೆ. ಊರಿನ ಹೊಲ, ಮನೆ, ವಸಂತದ ಆಕಾಶ ಜಲವರ್ಣದ ನಿಸರ್ಗಚಿತ್ರಗಳಾದವು. ಪೆನ್ಸಿಲಿನಲ್ಲಿ ತನ್ನ ಮುಖವನ್ನೂ ಬರೆದುಕೊಂಡಳು. ತಲೆಗೆ ವಸ್ತ್ರ, ದಿಟ್ಟ ನೋಟ, ಮುಖದಲ್ಲಿ ಒಂದಿಷ್ಟೂ ಅಲಂಕಾರವಿಲ್ಲ. ಹೂವಿಗೆ ಅಷ್ಟು ಬಣ್ಣ ಕೊಟ್ಟವಳು ತನಗೆ ಮಾತ್ರ ಬಣ್ಣ ಬಳಿಯಲಿಲ್ಲ.

ಇವೆಲ್ಲದರ ನಡುವೆ ಒಂದು ಚಿತ್ರದ ಎದುರು ಮಾತು ನಿಂತುಹೋಗುತ್ತದೆ: ‘ರಾಜ ತೆನೆ’. ಹೂಗಳ ಒಡ್ಡೋಲಗದ ನಡುವೆ ಗೋಧಿಯ ತೆನೆ ಸಿಂಹಾಸನ ಏರಿದೆ. 1940ರ ದಶಕದ ಕೃತಿ. ಅದಕ್ಕಿಂತ ಹಿಂದೆ, 1932-33ರಲ್ಲಿ, ಸ್ಟಾಲಿನ್ ಸರ್ಕಾರ ರೈತರ ದವಸವನ್ನು ಕಿತ್ತುಕೊಂಡು ಒಯ್ದಾಗ ಉಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಹೊಲೊದೊಮೊರ್ ಎಂದು ಕರೆಯುವ ಆ ಕ್ಷಾಮ ಕಠೋರವಾಗಿ ಬಡಿದ ಸೀಮೆಗಳಲ್ಲಿ ಪೊಲ್ತಾವಾ, ಕೀವ್ ಎರಡೂ ಇದ್ದವು. 1932ರ ಆಗಸ್ಟ್ 7ರಂದು ಬಂದ ಕಾನೂನನ್ನು ಜನ ‘ಐದು ತೆನೆಯ ಕಾನೂನು’ ಎಂದೇ ಕರೆದರು. ಹೊಲದಲ್ಲಿ ಬಿದ್ದ ತೆನೆ ಆಯ್ದುಕೊಂಡವರಿಗೂ ಕ್ರೂರ ಶಿಕ್ಷೆ. ಆ ನೆಲದಲ್ಲಿ ಬದುಕುಳಿದ ರೈತರ ಮಗಳು ತೆನೆಗೆ ಪಟ್ಟ ಕಟ್ಟಿದ್ದಾಳೆ! ಆಕೆಯ ಮನಸ್ಸಿನಲ್ಲಿ ಏನಿತ್ತೋ, ಅದನ್ನು ನಾನು ಹೇಳಲು ಹೋಗುವುದಿಲ್ಲ. ಈ ಇತಿಹಾಸ ತಿಳಿದ ಮೇಲೆ ಆ ಒಂದೊಂದು ಕಾಳೂ ಎಷ್ಟು ತೂಕದ್ದೆಂದು ನೋಡುವ ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ.

1954ರಲ್ಲಿ ‘ರಾಜ ತೆನೆ’ ಮತ್ತು ಆಕೆಯ ಇನ್ನೆರಡು ಚಿತ್ರಗಳು ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು. ಅಲ್ಲಿ ಅವುಗಳನ್ನು ಕಂಡ ಪಿಕಾಸೊ, ಇಂಥ ಕಲಾವಿದೆ ನಮ್ಮಲ್ಲಿದ್ದಿದ್ದರೆ ಜಗತ್ತೆಲ್ಲ ಆಕೆಯ ಮಾತಾಡುವಂತೆ ಮಾಡುತ್ತಿದ್ದೆವು ಎಂಬ ಅರ್ಥದಲ್ಲಿ ಉದ್ಗರಿಸಿದನೆಂಬ ಕತೆ ಉಕ್ರೇನಿನಲ್ಲಿ ಎಲ್ಲರ ಬಾಯಲ್ಲಿದೆ. ಹಾಗೆ ಹೊಗಳಿಸಿಕೊಂಡವಳು ಆಗ ಬೊಹ್ದಾನಿವ್ಕಾದ ಮನೆಯಲ್ಲಿ ವಯಸ್ಸಾದ ತಾಯಿಯನ್ನು ನೋಡಿಕೊಳ್ಳುತ್ತ, ಮನೆಗೆಲಸದ ನಡುವೆ ಬೆಳಕು ಸಿಕ್ಕಾಗ ಬರೆಯುತ್ತಿದ್ದಳು. 1956ರಲ್ಲಿ ‘ಜನತೆಯ ಕಲಾವಿದೆ’ ಎಂಬ ದೊಡ್ಡ ಬಿರುದು ಬಂತು. ಹಳ್ಳಿ ಬಿಟ್ಟು ಪಟ್ಟಣ ಸೇರುವ ಭಾಗ್ಯ ಬರಲಿಲ್ಲ. ಹೊರಜಗತ್ತಿಗೂ ಆಕೆಗೂ ಇದ್ದ ಸೇತುವೆ ಪತ್ರಗಳದ್ದು. ಕಲಾವಿದರಿಗೆ, ವಿದ್ವಾಂಸರಿಗೆ ಉದ್ದುದ್ದ ಪತ್ರ ಬರೆದಳು. ಶಾಲೆಯನ್ನೇ ಕಾಣದವಳ ಆ ಪತ್ರಗಳು ಇಂದು ಪುಸ್ತಕಗಳಾಗಿ ಉಕ್ರೇನಿಯನ್ನರ ಮನೆಗಳಲ್ಲಿವೆ.

1961ರ ಜೂನ್ ಮೊದಲಲ್ಲಿ 94 ವರ್ಷದ ತಾಯಿ ತೀರಿಕೊಂಡಳು. ಮಗಳು ಅಷ್ಟು ಹೊತ್ತಿಗೇ ಹೊಟ್ಟೆಯ ಕ್ಯಾನ್ಸರಿನಿಂದ ಬಳಲುತ್ತಿದ್ದಳು. ಜೂನ್ 10ರಂದು ಯಾಹೊತಿನ್ ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಂದೇ ಕತೆರಿನಾ ಬಿಲೊಕುರ್ ಕಣ್ಣು ಮುಚ್ಚಿದಳು. ಆಕೆಯ ಚಿತ್ರಗಳ ಮುಖ್ಯ ಸಂಗ್ರಹ ಇಂದು ಯಾಹೊತಿನ್ ವಸ್ತುಸಂಗ್ರಹಾಲಯದಲ್ಲೂ ಕೀವ್‌ನ ಪೆಚೆರ್ಸ್ಕ್ ಲಾವ್ರಾ ಮಠದ ಆವರಣದಲ್ಲಿರುವ ಅಲಂಕಾರ ಕಲೆಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲೂ ಇದೆ. ಬೊಹ್ದಾನಿವ್ಕಾದ ಮನೆಯೂ ಸ್ಮಾರಕವಾಗಿದೆ.

ಕಲಾಚರಿತ್ರೆಯ ಪುಸ್ತಕಗಳು ಆಕೆಯನ್ನು ಜಾನಪದ ಕಲಾವಿದೆ, ಮುಗ್ಧ ಶೈಲಿಯವಳು ಎಂದು ವಿಂಗಡಿಸಿ ಒಂದು ಬದಿಗೆ ಕೂರಿಸುತ್ತವೆ. ನಾನು ಒಪ್ಪುವುದಿಲ್ಲ. ಒಂದು ಗಳಿಗೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವುದು ವಾಸ್ತವವಾದವಾದರೆ, ಒಂದು ವರ್ಷದುದ್ದಕ್ಕೂ ಕಂಡದ್ದನ್ನು ಕಂಡ ಹಾಗೆ ಬರೆದ ಬಿಲೊಕುರ್ ಇನ್ನೂ ಕಟ್ಟಾ ವಾಸ್ತವವಾದಿ. ಆ ಅಸಾಧ್ಯ ತೋಟದಲ್ಲಿ ಸುಳ್ಳೆಂಬುದು ಒಂದೂ ಇಲ್ಲ. ನಾವು ವಾರವಾರ ಕಳೆದುಕೊಳ್ಳುವುದನ್ನು ಆಕೆ ಬಿಡದೆ ಕೂಡಿಸಿಟ್ಟಳು. ಆಕೆಯ ಚಿತ್ರ ಎಲ್ಲಿ ಸಿಕ್ಕರೂ ಒಂದು ಮೂಲೆಯಿಂದ ಶುರುಮಾಡಿ, ಒಂದು ಹೂ ಮುಗಿಸಿ ಇನ್ನೊಂದಕ್ಕೆ ಹೋಗಿ, ಆಕೆ ಬರೆದ ಕ್ರಮದಲ್ಲೇ ನೋಡಿ. ಆಮೇಲೆ ನಿಮ್ಮ ಮನಸ್ಸಿನ ಪಟ್ಟಿಯಲ್ಲಿ, ವಾನ್ ಹೊಯ್ಸುಮ್ ಹೆಸರಿನ ಪಕ್ಕದಲ್ಲಿ, ಪ್ರಮಾಣಪತ್ರ ಕೇಳದೆ ಈ ಹೆಸರನ್ನೂ ಬರೆದುಕೊಳ್ಳಿ.