ಗೂಡಿನಿಂದ ಬಿದ್ದ ಹಕ್ಕಿಮರಿಗಳ ಸಂರಕ್ಷಣೆ

ಮುಂಗಾರಿಗೆ ಮುಂಚಿನ ಬಿರುಗಾಳಿ ಮಳೆಗಳಲ್ಲಿ ಹಕ್ಕಿಯ ಮರಿಗಳು ಗೂಡಿನಿಂದ ನೆಲಕ್ಕೆ ಬೀಳುವುದು ಸಾಮಾನ್ಯವಾಗಿದೆ. ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರ, ಕೃಷ್ಣರಾಜಪುರಗಳು ಮೊದಲು ಕೆರೆ, ಗದ್ದೆ, ತೋಪುಗಳಿದ್ದ ಗ್ರಾಮಗಳಾಗಿದ್ದು, 2007ನೆಯ ಇಸವಿಯಲ್ಲಿ ಮಹಾನಗರಕ್ಕೆ ಸೇರಿದುವು. ಇಂಥ ಸ್ಥಳಗಳಲ್ಲಿ ಕಟ್ಟಡಕ್ಕಾಗಿ ಮರ ಕಡಿಯುವಾಗಲೂ ಗೂಡುಗಳು ನಾಶವಾಗುತ್ತವೆ. ಗೊರವಂಕವು ತನ್ನ ಮರಿಗಳಿಗಾಗಿ ಮಿಡತೆ, ಹುಳುಗಳನ್ನು ಹಿಡಿಯುತ್ತದೆ. ಕಣಜ ಗೂಬೆಯು ಇಲಿಗಳನ್ನು ಹಿಡಿಯುತ್ತದೆ. ಗೂಬೆಯನ್ನು ಅಪಶಕುನವೆಂದು ಹೊಡೆದಟ್ಟುವ ರೈತನು ತನ್ನ ಕಣಜದ ಕಾವಲುಗಾರನನ್ನೇ ಕಳೆದುಕೊಂಡಂತಾಗುವುದು. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಉಚಿತವು.

ಬಿದ್ದ ಮರಿಗಳೆಲ್ಲವೂ ತಬ್ಬಲಿಗಳಲ್ಲ. ಮೈತುಂಬ ಪುಕ್ಕ ಬಂದು, ಗಿಡ್ಡ ಬಾಲದಿಂದ ಕುಪ್ಪಳಿಸುವ ಮರಿಯು ಹಾರುವುದನ್ನು ಕಲಿಯುತ್ತಿರುತ್ತದೆ. ತಾಯಿತಂದೆಗಳು ಸಮೀಪದಲ್ಲಿಯೇ ಇರುವುವು. ಅದನ್ನು ಬೆಕ್ಕು ನಾಯಿಗಳಿಗೆ ಸಿಕ್ಕದಂತೆ ಪೊದೆಯ ಮೇಲಿಟ್ಟು ದೂರ ಸರಿಯತಕ್ಕದ್ದು. ಪುಕ್ಕ ಹುಟ್ಟದ ಮರಿಯನ್ನಾದರೆ ಅದರ ಗೂಡಿಗೇ ಸೇರಿಸಬೇಕು. ಗೂಡು ಕೆಟ್ಟಿದ್ದಲ್ಲಿ, ನೀರು ನಿಲ್ಲದಂಥ ಚಿಕ್ಕ ಬಿದಿರಿನ ಬುಟ್ಟಿಗೆ ಒಣಹುಲ್ಲು ಹಾಸಿ, ಅದೇ ಮರಕ್ಕೆ ಕಟ್ಟಬಹುದು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುವುದೆಂಬ ನಂಬಿಕೆಗೆ ಆಧಾರವಿಲ್ಲ.

ತಾಯಿತಂದೆಗಳು ಬಾರದಿದ್ದರೆ ಅಥವಾ ಮರಿಗೆ ಗಾಯವಾಗಿದ್ದರೆ ಮಾತ್ರ ಕೈಯಾಸರೆ ಅವಶ್ಯಕ. ಮೊದಲು ಬೇಕಾದುದು ಆಹಾರವಲ್ಲ, ಶಾಖ. ಪುಕ್ಕವಿಲ್ಲದ ಮರಿಗೆ ಸುಮಾರು 95 ಡಿಗ್ರಿ ಫಾರನ್‌ಹೀಟ್ ಶಾಖವಿರಬೇಕು. ರಂಧ್ರಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆ ಸುತ್ತಿದ ಬಿಸಿನೀರಿನ ಸೀಸೆಯ ಪಕ್ಕದಲ್ಲಿ ಅದನ್ನು ಮಲಗಿಸಿ, ಪೆಟ್ಟಿಗೆಯನ್ನು ಕತ್ತಲೆಯ ಸ್ಥಳದಲ್ಲಿಡಬೇಕು. ತಣ್ಣಗಾದ ಮರಿಗೆ ಉಣಿಸಿದ ಆಹಾರವು ಜೀರ್ಣವಾಗದು.

ಬಾಯಿಗೆ ನೀರು ಹೊಯ್ಯುವುದು ದೊಡ್ಡ ಅಪಾಯ. ಹಕ್ಕಿಯ ಉಸಿರುಗೊಳವೆಯ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದಿರುವುದರಿಂದ ನೀರು ಪುಪ್ಪುಸಕ್ಕೆ ಇಳಿದು ಮರಿ ಸಾಯುವುದು. ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿಯೂ ಹಕ್ಕಿಗಳಿಗಿಲ್ಲ. ಆಹಾರವು ಜಾತಿಯನ್ನನುಸರಿಸಿ ಬೇರೆಯಾಗುವುದು: ಗೊರವಂಕದ ಮರಿಗೆ ಹುಳು, ಮಿಡತೆ, ಪಾರಿವಾಳದ ಮರಿಗೆ ತಾಯಿತಂದೆಗಳ ಗಂಟಲಚೀಲದಲ್ಲಿ ಉಂಟಾಗುವ ಹಾಲಿನಂಥ ದ್ರವ, ಅನಂತರ ನೆನೆದ ಕಾಳು, ಗೂಬೆಯ ಮರಿಗೆ ಎಲುಬುಸಹಿತವಾದ ಇಲಿ. ವಿಷವಿಟ್ಟು ಕೊಂದ ಇಲಿಯನ್ನು ಎಂದಿಗೂ ಕೊಡಕೂಡದು. ಎಳೆಯ ಮರಿಗಳಿಗೆ ಸೂರ್ಯೋದಯದಿಂದ ಅಸ್ತಮಯದವರೆಗೆ ಅರ್ಧ ಗಂಟೆಗೊಮ್ಮೆ ಉಣಿಸಬೇಕಾಗುವುದರಿಂದ, ಇದು ಬೇಸಾಯಗಾರನ ಮನೆಯಲ್ಲಿ ಸುಲಭವಾಗಿ ನಡೆಯುವ ಕೆಲಸವಲ್ಲ.

ಮರಿಯು ಬದುಕಿದರೂ ಮತ್ತೊಂದು ಕೇಡುಂಟು. ಆಸ್ಟ್ರಿಯಾ ದೇಶದ ಕೊನ್ರಾಡ್ ಲೊರೆನ್ಜ್ ಎಂಬ ಶಾಸ್ತ್ರಜ್ಞರು, ಮೊಟ್ಟೆಯೊಡೆದೊಡನೆ ಮನುಷ್ಯನನ್ನು ಕಂಡ ಹೆಬ್ಬಾತಿನ ಮರಿಗಳು ಅವನನ್ನೇ ತಾಯಿಯಂತೆ ಹಿಂಬಾಲಿಸುವುದನ್ನು 1935ರಲ್ಲಿ ವಿವರಿಸಿದರು. ಮುದ್ದಿನಿಂದ ಸಾಕಿದ ಹಕ್ಕಿಯೂ ಮನುಷ್ಯರಿಗೆ ಹೆದರುವುದನ್ನು ಕಲಿಯದೆ, ತನ್ನ ಬಳಗವನ್ನು ಗುರುತಿಸದೆ, ಹೊರಗೆ ಬಿಟ್ಟಾಗ ಬೇಗನೆ ಹಾಳಾಗುವುದು.

1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಗಿಳಿ, ಗೂಬೆ ಮೊದಲಾದ ಕಾಡುಹಕ್ಕಿಗಳನ್ನು ಮನೆಯಲ್ಲಿಟ್ಟು ಸಾಕುವುದು ಅಪರಾಧ. ಬೆಕ್ಕು ಕಚ್ಚಿದ ಮರಿಯ ಗಾಯವು ಚಿಕ್ಕದಾಗಿ ಕಂಡರೂ ನಂಜೇರುವುದರಿಂದ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಉಳಿದವನ್ನು ವಿಳಂಬ ಮಾಡದೆ ಸಮೀಪದ ವಲಯ ಅರಣ್ಯಾಧಿಕಾರಿಗಳಿಗಾಗಲಿ, ಬೆಂಗಳೂರಿನ ಸುತ್ತಿನವರು ಕೆಂಗೇರಿಯ ವನ್ಯಜೀವಿ ಆಸ್ಪತ್ರೆಗಾಗಲಿ ಒಪ್ಪಿಸತಕ್ಕದ್ದು. ಮರ ಕಡಿಸುವ ಜಮೀನುದಾರರು ಮೊದಲು ಗೂಡುಗಳಿವೆಯೇ ಎಂದು ನೋಡಿಸಿ, ಮರಿಗಳಿದ್ದರೆ ಅವು ಹಾರಿಹೋಗುವವರೆಗೆ ಕೆಲವು ವಾರ ತಡೆದರೆ, ಈ ಶ್ರಮವೆಲ್ಲವೂ ತಪ್ಪುವುದು.