ಇಂಗಾಲದ ನ್ಯಾನೋನಾಳಗಳೂ ಶ್ವಾಸಕೋಶದ ಅರ್ಬುದವೂ

'ನ್ಯಾನೋ' ಎಂಬ ಪೂರ್ವಪದವು ಕುಬ್ಜನೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಬಂದುದು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರು. ಇಂತಹ ಅಳತೆಯ ವಸ್ತುಗಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಅರ್ಬುದಕ್ಕೆ ಕಾರಣವಾಗಬಲ್ಲುವೆ? ಎಲ್ಲ ವಸ್ತುಗಳಿಗೂ ಸಲ್ಲುವ ಉತ್ತರವಿಲ್ಲವಾದ್ದರಿಂದ, ಇಂಗಾಲದ ನ್ಯಾನೋನಾಳವೊಂದನ್ನೇ ನಿದರ್ಶನವಾಗಿ ಹಿಡಿದು ವಿಚಾರಿಸುವುದು ಉಚಿತವೆಂದು ತೋರುತ್ತದೆ.

1991ರಲ್ಲಿ ಜಪಾನಿನ ಸುಮಿಯೋ ಈಜಿಮಾ ಅವರು ಪ್ರಕಟಿಸಿದ ವರ್ಣನೆಯಿಂದ ಈ ನಾಳಗಳು ವಿಜ್ಞಾನಿಗಳ ವಿಶೇಷ ಗಮನಕ್ಕೆ ಬಂದುವು. ಸೀಸದ ಕಡ್ಡಿಯ ಗ್ರಾಫೈಟಿನಲ್ಲಿರುವುದೂ ಇವುಗಳಲ್ಲಿರುವುದೂ ಒಂದೇ ಇಂಗಾಲ; ಭೇದವಿರುವುದು ರಚನೆಯಲ್ಲಿ. ಗ್ರಾಫೈಟಿನ ಹಾಳೆಯನ್ನು ಸುರುಳಿ ಸುತ್ತಿದಂತಿರುವ ಈ ನಾಳಗಳು ಅತಿ ಕೃಶವಾಗಿದ್ದು, ಕೆಲವು ಬಗೆಗಳಲ್ಲಿ ನೀಳವೂ ಬಿರುಸೂ ಆಗಿರುತ್ತವೆ. ಕೇಡಿನ ಮೂಲವನ್ನು ಮುಖ್ಯವಾಗಿ ಈ ಆಕಾರದಲ್ಲಿಯೇ ಅರಸತಕ್ಕದ್ದು.

ದಪ್ಪ ಧೂಳು ಮೂಗು, ಶ್ವಾಸನಾಳಗಳ ಲೋಳೆಯಲ್ಲಿ ಸಿಕ್ಕಿ ಹೊರಬೀಳುತ್ತದೆ. ಸೂಕ್ಷ್ಮವಾದುದು ಕಟ್ಟಕಡೆಯ ಗಾಳಿಗೂಡುಗಳವರೆಗೂ ಇಳಿಯುತ್ತದೆ. ಅಲ್ಲಿ ಕಾವಲಿಗಿರುವ ಭಕ್ಷಕಕೋಶಗಳು ಚಿಕ್ಕ ಕಣಗಳನ್ನು ನುಂಗಿ ಸಾಗಿಸುತ್ತವೆ. ತಮಗಿಂತ ಉದ್ದವಾದ ಬಿರುಸಾದ ಎಳೆಯನ್ನಾದರೋ ಪೂರ್ತಿ ನುಂಗಲಾರದೆ, ಉರಿಯೂತವನ್ನು ಪ್ರಚೋದಿಸುವ ದ್ರವ್ಯಗಳನ್ನೂ ಆಮ್ಲಜನಕದ ಉಗ್ರರೂಪಗಳನ್ನೂ ಹೊರಸೂಸುತ್ತವೆ. ಎಳೆಯು ಸುಲಭವಾಗಿ ಕರಗದಾದ್ದರಿಂದ ಉರಿಯೂತವೂ ಶಮನವಾಗದು. ನೆರೆಯ ಜೀವಕೋಶಗಳ ಡಿ.ಎನ್.ಎ. ಘಾಸಿಗೊಳ್ಳುತ್ತದೆ, ಗಾಯ ಮಾಯುವುದಕ್ಕಾಗಿ ಕೋಶಗಳು ಮೇಲಿಂದ ಮೇಲೆ ವಿಭಾಗವಾಗುವಾಗ ಆ ದೋಷವು ಮುಂದಿನ ಕೋಶಗಳಿಗೂ ಇಳಿಯಬಹುದು. ವಿಭಾಗಕಾಲದಲ್ಲಿ ವರ್ಣತಂತುಗಳನ್ನು ಹಂಚುವ ಕದಿರಿಗೂ ನಾಳಗಳು ತೊಡಕಾಗುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಕಲ್ನಾರಿನ ಎಳೆಗಳು ಹಾನಿಮಾಡುವ ಮಾರ್ಗವೂ ಬಹುಮಟ್ಟಿಗೆ ಇದೇ.

ಇನ್ನು ಪ್ರಮಾಣಗಳ ವಿಚಾರ. ಲಿಯೋನ್ ನಗರದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2014ರಲ್ಲಿ 'ಎಂ.ಡಬ್ಲ್ಯು.ಸಿ.ಎನ್.ಟಿ.-7' ಎಂಬ ಒಂದು ಬಗೆಯ ಬಹುಭಿತ್ತಿ ನಾಳವನ್ನು ಮಾತ್ರ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡಬಹುದಾದ ವಸ್ತುಗಳ ವರ್ಗಕ್ಕೆ ಸೇರಿಸಿತು. ಉಳಿದ ಇಂಗಾಲ ನಾಳಗಳ ವಿಷಯದಲ್ಲಿ ವರ್ಗೀಕರಣಕ್ಕೆ ಸಾಕಷ್ಟು ಆಧಾರವಿಲ್ಲವೆಂದಿತು. 2016ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಇದೇ ನಾಳದ ಧೂಳನ್ನು ಇಲಿಗಳು 104 ವಾರಗಳ ಕಾಲ, ದಿನಕ್ಕೆ 6 ಗಂಟೆಯಂತೆ, ವಾರಕ್ಕೆ 5 ದಿನ ಉಸಿರಾಡಿದುವು. ಘನಮೀಟರಿಗೆ 0.2 ಮತ್ತು 2 ಮಿಲಿಗ್ರಾಂ ಧೂಳಿದ್ದಾಗ ಗಂಡಿಲಿಗಳಲ್ಲಿಯೂ, 2 ಮಿಲಿಗ್ರಾಂ ಇದ್ದಾಗ ಹೆಣ್ಣಿಲಿಗಳಲ್ಲಿಯೂ ಶ್ವಾಸಕೋಶದ ಅರ್ಬುದವು ಗಮನಾರ್ಹವಾಗಿ ಹೆಚ್ಚಿತು.

2014ರ ನಿರ್ಣಯದ ಕಾಲಕ್ಕೆ ಮಾನವರ ಅರ್ಬುದದ ಬಗ್ಗೆ ದತ್ತಾಂಶಗಳೇ ಇರಲಿಲ್ಲ. ಆದಕಾರಣ ಅದರಲ್ಲಿನ 'ಬಹುದು' ಎಂಬ ಸಂಭಾವನೆಯ ಮಾತನ್ನು ಸಿದ್ಧಾಂತವೆಂದು ಗ್ರಹಿಸತಕ್ಕದ್ದಲ್ಲ; ಅಭಯವೆಂದೂ ಗ್ರಹಿಸತಕ್ಕದ್ದಲ್ಲ. ಕಲ್ನಾರಿನಿಂದ ಬರುವ ಅರ್ಬುದಗಳು ಹಲವು ದಶಕಗಳ ತರುವಾಯ ತಲೆದೋರುತ್ತವೆ. ರೋಗಿಗಳನ್ನು ಎಣಿಸಿ ನಿಶ್ಚಯಿಸುವಷ್ಟರಲ್ಲಿ ಕಾರ್ಮಿಕರ ಒಂದು ತಲೆಮಾರು ಸವೆದಿರುತ್ತದೆ. ಅಮೆರಿಕದ ವೃತ್ತಿಸುರಕ್ಷಾ ಸಂಶೋಧನ ಸಂಸ್ಥೆಯು 2013ರಲ್ಲಿಯೇ ಕಾರ್ಯಾಗಾರದ ಗಾಳಿಗೆ ಘನಮೀಟರಿಗೆ 1 ಮೈಕ್ರೋಗ್ರಾಂ ಎಂಬ ಮಿತಿಯನ್ನು ಸೂಚಿಸಿತು. ಗಂಡಿಲಿಗಳಲ್ಲಿ ಅರ್ಬುದವನ್ನು ಹೆಚ್ಚಿಸಿದ 0.2 ಮಿಲಿಗ್ರಾಮಿನ ಇನ್ನೂರರಲ್ಲೊಂದು ಪಾಲು ಅದು. ಈ ಪುಡಿಯನ್ನು ತಯಾರಿಸುವ, ತೂಗುವ, ಬೆರಸುವ ಕೆಲಸಗಾರರ ಮಟ್ಟಿಗೆ ಈ ಮಿತಿಯನ್ನು ಪಾಲಿಸುವುದಕ್ಕೆ ಅಂತಿಮ ಪ್ರಮಾಣವನ್ನು ಕಾಯಬೇಕಾದುದಿಲ್ಲ.