ಭುಜ ಎಷ್ಟು ಮೇಲೆ ಹೋಗುತ್ತೆ?

ಅಸ್ಥಿಮಜ್ಜೆ ಕಸಿ ಆದಮೇಲೆ ಕೆಲವರಲ್ಲಿ ದಾನಿಯ ರೋಗನಿರೋಧಕ ಕಣಗಳೇ ಮೈಮೇಲೆ ತಿರುಗಿಬೀಳುತ್ತವೆ. ಇದರ ದೀರ್ಘಕಾಲದ ರೂಪವೇ ಕ್ರಾನಿಕ್ ಜಿವಿಎಚ್‌ಡಿ. ಚರ್ಮ ಬಿಗಿಯುತ್ತೆ, ಕಣ್ಣು ಒಣಗುತ್ತೆ, ಕೆಲವರಿಗೆ ಉಸಿರೂ ಕಷ್ಟ.

ಔಷಧಿ ಹಿಡೀತಿದೆಯಾ ಅಂತ ಒಂದೇ ರಕ್ತಪರೀಕ್ಷೆಯಲ್ಲಿ ಹೇಳೋಕಾಗಲ್ಲ. ಹಾಗಾಗಿ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ 2014ರ ಮಾನದಂಡದಲ್ಲಿ ಒಂದೊಂದು ಅಂಗಕ್ಕೂ ಬೇರೆ ಅಳತೆ.

ಕೀಲುಗಳದ್ದು ನೋಡಿ. ಭುಜ, ಮೊಣಕೈ, ಮಣಿಕಟ್ಟು ಎಷ್ಟು ಆಡುತ್ತವೆ ಅಂತ ಸಾಲು ಚಿತ್ರಗಳ ಜೊತೆ ಹೋಲಿಸಿ ನೋಡ್ತಾರೆ. ಪೂರ್ತಿ ಬಿಗಿದಿದ್ದರೆ 1, ಸರಾಗವಾಗಿದ್ದರೆ 7. ಪಾದದ ಕೀಲಿಗೆ ಮಾತ್ರ 4ರವರೆಗೆ. ಶ್ವಾಸಕೋಶಕ್ಕಾದರೆ, ಜೋರಾಗಿ ಊದಿದಾಗ ಮೊದಲ 1 ಸೆಕೆಂಡಲ್ಲಿ ಬರುವ ಗಾಳಿಯ ಲೆಕ್ಕ. ಅಲ್ಲಿ ಹಾನಿ ಮುಂದುವರಿಯದೆ ನಿಂತರೂ ದೊಡ್ಡ ಗೆಲುವೇ.

ರೋಗಿಯೇ ತುಂಬುವ ‘ಲೀ ಸಿಂಪ್ಟಮ್ ಸ್ಕೇಲ್’ ಕೂಡ ಇದೆ. ತುರಿಕೆ, ನಿದ್ದೆ, ಸುಸ್ತು, ಯಾವುದನ್ನೂ ಚಿಕ್ಕದು ಅಂತ ಬಿಡಬೇಡಿ. ಡಾಕ್ಟರಿಗೆ ಹೇಳಿ.